ದಿನಾ ಇಳಿಯುವ ಟೇಬಲ್ಲು

ಮನೆಯೊಳಗೆ ಮೋಟಾರ್ ಸೈಕಲ್ ನಿಲ್ಲಿಸುವವರನ್ನು ಆ ಬೀದಿ ಕಂಡಿತ್ತು. ಅದನ್ನು ಟೇಬಲ್ಲಿನ ಮೇಲೆ ಹತ್ತಿಸಿ ಕೂರಿಸಿದವನನ್ನು ಮಾತ್ರ ಕಂಡಿರಲಿಲ್ಲ. ಮನೆಯಾದರೂ ಎಂಥದ್ದು? ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ ಒಂದೇ ಕೋಣೆ, ನಡುವೆ ಒಂದು ಪರದೆ. ಮುಂದಿನ ಅರ್ಧದಲ್ಲಿ ಗಾಡಿ ರಿಪೇರಿ ಮಾಡುವ ಮೇಸ್ತ್ರಿಯ ಸಾಮಾನು, ಹಿಂದಿನ ಅರ್ಧದಲ್ಲಿ ಒಲೆ, ಮಂಚ, ಮತ್ತೆ ಅವನ ಹೆಂಡತಿಯ ಹೊಲಿಗೆ ಯಂತ್ರ. ಊರಿನ ಕಿಟಕಿಗಳಿಗೆಲ್ಲ ಪರದೆ ಹೊಲಿದು ಕೊಡುವವಳಾದ್ದರಿಂದ ಅವಳು ಎಲ್ಲರಿಗೂ ಪರದೆ ಅಕ್ಕ. ಇಷ್ಟು ಜಾಗದಲ್ಲಿ ಗಾಡಿಗೊಂದು ಸಿಂಹಾಸನ ಬೇರೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನೆರೆಯವರು ನಕ್ಕರು. ನಗಲಿ ಬಿಡಿ, ನಕ್ಕವರ ಗಾಡಿಗಳೆಲ್ಲ ಹೊರಗೆ ಮಳೆಯಲ್ಲಿ ನಿಂತು ತುಕ್ಕು ಹಿಡಿಯುತ್ತಿದ್ದವು.

ಅಸಲಿಗೆ ಆ ಟೇಬಲ್ಲು ಹುಟ್ಟಿದ್ದೇ ಜಾಗ ಇಲ್ಲದ್ದಕ್ಕೆ. ಗಾಡಿ ನೆಲದ ಮೇಲಿದ್ದರೆ ಅದರ ಹ್ಯಾಂಡಲ್ಲು ಸರಿಯಾಗಿ ಹೊಟ್ಟೆಯ ಮಟ್ಟಕ್ಕೆ ಅಡ್ಡ ಬರುತ್ತಿತ್ತು. ಬಟ್ಟೆಯ ಸುರುಳಿ ಹೊತ್ತು ಬಾಗಿಲಿನಿಂದ ಹಿಂದಕ್ಕೆ ಹೋಗುವುದಿರಲಿ, ಬರಿಗೈಯಲ್ಲಿ ಹೋಗುವುದಕ್ಕೂ ಉಸಿರು ಬಿಗಿ ಹಿಡಿಯಬೇಕು. ಮೇಸ್ತ್ರಿ ಹಳೇ ಕಬ್ಬಿಣ ತಂದು, ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಒಂದು ಜಾಕು ಹೊಂದಿಸಿ, ತಾನೇ ಬೆಸುಗೆ ಹಾಕಿದ. ಪೆಡಲ್ಲು ತುಳಿದರೆ ಟೇಬಲ್ಲು ಗಾಡಿಯ ಸಮೇತ ಮೇಲೇಳುತ್ತಿತ್ತು. ಹ್ಯಾಂಡಲ್ಲು ತಲೆಯಿಂದ ಮೇಲೆ ಹೋಗಿ ಕೆಳಗೆ ದಾರಿ ಬಿಡುತ್ತಿತ್ತು. ಬುಡದ ಪಕ್ಕದಲ್ಲಿದ್ದ ಹಿಡಿ ಒತ್ತಿದರೆ ಉಸ್ಸೆಂದು ಇಳಿಯುತ್ತಿತ್ತು. ಮೇಲೆತ್ತಿದ್ದು ತಾನಾಗಿ ಇಳಿಯದಿರಲಿ ಎಂದು ಅದರ ಕಾಲಿನಲ್ಲಿ ಸಾಲಾಗಿ ಕೊರೆದ ತೂತುಗಳಿಗೆ ಹೆಬ್ಬೆರಳು ದಪ್ಪದ ಒಂದು ಪಿನ್ನನ್ನೂ ಮಾಡಿಟ್ಟಿದ್ದ.

ಹೀಗಿದ್ದ ಮನುಷ್ಯನಿಗೆ ಲಕ್ವ ಹೊಡೆಯಿತು. ಮಾತು ತಿರುಗಿ ಬಂತು, ಕೈಗಳೂ ಸುಮಾರಾಗಿ ಬಂದವು, ಬಲಗಾಲು ಮಾತ್ರ ಯಾರದೋ ಕಾಲನ್ನು ತಂದು ಜೋಡಿಸಿದ ಹಾಗೆ ಸುಮ್ಮನೆ ಜೋತಾಡುತ್ತಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ ದಿನವೂ ಆ ಕಾಲನ್ನು ಮಡಿಸಿ ಒತ್ತಬೇಕು ಎಂದು ಹೇಳಿ ಕಳಿಸಿದ್ದರು. ಇವನೋ, ಗಾಳಿಗೆ ಒದೆಯುವುದಕ್ಕೆ ನಾನೇನು ಕತ್ತೆಯಾ ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಅಕ್ಕ ಬೇಡಿಕೊಂಡಳು, ಬೈದಳು, ಎರಡು ಹೊತ್ತು ಮಾತು ಬಿಟ್ಟಳು. ಮಾತು ಬಿಟ್ಟದ್ದು ಅವನ ಗಮನಕ್ಕೇ ಬರಲಿಲ್ಲ.

ಅವಳ ಅಣ್ಣ ಬಂದವನು, ಗಾಡಿ ಸುಮ್ಮನೆ ಧೂಳು ತಿನ್ನುತ್ತಿದೆ, ಒಳ್ಳೆ ಗಿರಾಕಿ ಇದ್ದಾನೆ, ಕೊಟ್ಟುಬಿಡೋಣ ಎಂದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಗಂಡ ಈಗ ಎದ್ದು ಮನೆ ಹಾರಿಸುತ್ತಾನೆ ಎಂದು ಅಕ್ಕ ಕಾದಳು.

"ಕೊಟ್ಬಿಡಿ," ಎಂದ ಮೇಸ್ತ್ರಿ. "ಓಡಿಸೋನೇ ಹೋದ್ಮೇಲೆ ಗಾಡಿ ಇಟ್ಕೊಂಡು ಏನ್ ಮಾಡೋದು."

ಕಾಲು ಹೋದರೆ ಹೋಗಲಿ, ಮನುಷ್ಯನೇ ಎದ್ದು ಹೋಗುತ್ತಿದ್ದಾನಲ್ಲ ಎಂದು ಅಕ್ಕನಿಗೆ ಹೆದರಿಕೆಯಾಯಿತು. ಇನ್ನೂ ಸ್ವಲ್ಪ ದಿನ ಇರಲಿ ಎಂದು ಅಣ್ಣನನ್ನು ಸಾಗಹಾಕಿದಳು.

ಆಮೇಲೊಂದು ಬೆಳಿಗ್ಗೆ ಕಸ ಗುಡಿಸಲು ಅಡ್ಡ ಬಂದ, ಸಡಿಲಾಗಿದ್ದ ಪಿನ್ನನ್ನು ಕಿತ್ತಿಟ್ಟು, ಮರೆತು, ಮೈಮೇಲೆ ಜ್ಞಾನವಿಲ್ಲದೆ ಆ ಹಿಡಿಯ ಮೇಲೆ ಕಾಲಿಟ್ಟಳು. ಉಸ್ಸೆಂದು ಟೇಬಲ್ಲು ಇಳಿದು ದಾರಿ ಮುಚ್ಚಿತು. ಪರದೆ ಕೊಡುವ ಹೊತ್ತು ಮೀರುತ್ತಿತ್ತು. ಪೆಡಲ್ಲು ತುಳಿದಳು, ಟೇಬಲ್ಲು ಜಗ್ಗಲಿಲ್ಲ. ಅವಳು ಕೂಗಿಕೊಂಡದ್ದು ಕೇಳಿ ಮೇಸ್ತ್ರಿ ಬೈಯುತ್ತಾ, ಗೋಡೆ ಹಿಡಿಯುತ್ತಾ, ಕಾಲೆಳೆಯುತ್ತಾ ಬಂದ. ಮೊದಲು ಹಿಡಿಯನ್ನು ಮೇಲೆತ್ತಿ ಮುಚ್ಚಬೇಕು, ಇಷ್ಟು ವರ್ಷ ನೋಡಿದ್ದೇನು ಮಣ್ಣು ಎಂದು ರೇಗಿದ. ಪೆಡಲ್ಲು ಇದ್ದದ್ದು ಟೇಬಲ್ಲಿಗೂ ಬಲಗಡೆಯ ಗೋಡೆಗೂ ನಡುವಿನ ಸಂದಿಯಲ್ಲಿ. ಅಲ್ಲಿ ತೂರುವುದು ಬಲಗಾಲು ಮಾತ್ರ, ತಿರುಗಿ ನಿಲ್ಲಲು ಜಾಗವಿಲ್ಲ. ಅವನು ಬಲಗಾಲನ್ನು ಎತ್ತಿಟ್ಟ, ಎರಡೂ ಕೈಯಿಂದ ತೊಡೆ ಒತ್ತಿದ. ಟೇಬಲ್ಲು ನಾಲ್ಕು ಬೆರಳು ಎದ್ದಿತು. ಅಷ್ಟಕ್ಕೇ ಬೆವೆತುಹೋದ. ಅಕ್ಕ ಹ್ಯಾಂಡಲ್ಲಿನ ಕೆಳಗೆ ಅಂಬೆಗಾಲಿಟ್ಟು ಹೋಗಬೇಕಾಯಿತು. ಮಂಡಿಯೆಲ್ಲ ಧೂಳಾಗಿದ್ದರೂ ಬೀದಿಯುದ್ದಕ್ಕೂ ಅವಳ ಮುಖದಲ್ಲಿ ನಗು.

ಮರುದಿನ ಮತ್ತೆ ಟೇಬಲ್ಲು ಇಳಿದಿತ್ತು. ಅದರ ಮರುದಿನವೂ. ಜಾಕು ಸೋರುತ್ತಿದೆ ಎಂದು ಅಕ್ಕ ದೂರು ಹೇಳುತ್ತಿದ್ದಳು, ನನ್ನ ಕೈಲಿ ಆ ಪೆಡಲ್ಲು ಬಗ್ಗುವುದಿಲ್ಲಪ್ಪ ಎಂದು ನಿಟ್ಟುಸಿರು ಬಿಡುತ್ತಿದ್ದಳು. ಎರಡೂ ಹಸಿ ಸುಳ್ಳು. ವಾಷರ್ ಹೋಗಿರಬೇಕು ಎಂದು ಅವನು ಗಂಭೀರವಾಗಿ ಹೇಳಿ, ಬಂದು ತುಳಿದು, ಪಿನ್ನು ಹಾಕು ಎನ್ನುತ್ತಿದ್ದ. ಬಗ್ಗಲಾಗದ ಅವನ ಬದಲು ಪಿನ್ನು ಹಾಕುವ ಕೆಲಸ ಅವಳದ್ದು. ಸಡಿಲಾಗಿ ತೂರಿಸಿ ಹಾಕಿದೆ ಎಂದು ಹೇಳಿ, ಅವನು ಮಂಚಕ್ಕೆ ಹೋಗುತ್ತಲೇ ಮೆಲ್ಲಗೆ ಕಿತ್ತಿಡುತ್ತಿದ್ದಳು. ಬೆಳಿಗ್ಗೆ ಅವನು ಏಳುವ ಮುಂಚೆ ಹಿಡಿ ಒತ್ತುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಟೇಬಲ್ಲು ದಿನಕ್ಕಿಷ್ಟು ಹೆಚ್ಚು ಏಳತೊಡಗಿತು. ಅಂಬೆಗಾಲು ಹೋಗಿ ಅಕ್ಕ ನಡು ಬಗ್ಗಿಸಿ ದಾಟುವಂತಾದಳು, ಆಮೇಲೆ ಕತ್ತು ಬಗ್ಗಿಸಿದರೆ ಸಾಕಾಯಿತು. ತೊಡೆಯ ಮೇಲೆ ಎರಡು ಕೈ ಒತ್ತುತ್ತಿದ್ದವನು ಒಂದು ಕೈಗೆ ಬಂದ.

ಹಾಗೆಂದು ಎಲ್ಲ ಬೆಣ್ಣೆಯಿಂದ ಕೂದಲೆಳೆದ ಹಾಗೆ ಸಾಗಿತು ಎಂದುಕೊಳ್ಳಬೇಡಿ. ಒಂದು ದಿನ ತುಳಿಯುತ್ತಿದ್ದಂತೆ ಕಾಲು ಕೈಕೊಟ್ಟಿತು. ಗೋಡೆಗೆ ಬೆನ್ನುಜ್ಜಿಕೊಂಡು ಕುಸಿದು ಕೂತ ಮೇಸ್ತ್ರಿ, ಮದುವೆಯಾದಂದಿನಿಂದ ಅವಳೆದುರು ಕಣ್ಣೀರು ಹಾಕದವನು, ಮುಖಕ್ಕೆ ಟವೆಲ್ಲು ಒತ್ತಿಕೊಂಡು ಅತ್ತುಬಿಟ್ಟ. ಅಕ್ಕನಿಗೆ ತನ್ನ ಮೇಲೇ ಅಸಹ್ಯವಾಯಿತು. ನಾನೇನು ಹೆಂಡತಿಯೋ, ಎತ್ತನ್ನು ಗಾಣಕ್ಕೆ ಕಟ್ಟಿದವಳೋ? ಕಾಯಿಲೆಯ ಮನುಷ್ಯನನ್ನು ಸುಳ್ಳು ಹೇಳಿ ದುಡಿಸುವುದೂ ಒಂದು ಪ್ರೀತಿಯಾ? ಸಾಕು, ಅವನಿಗೆ ಬೇಡದ್ದು ನನಗೂ ಬೇಡ ಎಂದು ಮನಸ್ಸು ಕಲ್ಲು ಮಾಡಿಕೊಂಡಳು. ಗಿರಾಕಿಯನ್ನು ನಾಳೆ ಸಂಜೆ ಕರೆದುಕೊಂಡು ಬಾ ಎಂದು ಅಣ್ಣನಿಗೆ ಫೋನು ಮಾಡಿದಳು.

ಬೆಳಿಗ್ಗೆ ಟೇಬಲ್ಲನ್ನು ಪೂರ್ತಿ ಮೇಲಕ್ಕೆ ತಾನೇ ತುಳಿದು ಎತ್ತಿದಳು. ಈ ಸಲ ಪಿನ್ನನ್ನು ನಿಜಕ್ಕೂ ತೂತಿಗೆ ಹಾಕಿ, ಅಂಗೈಯಿಂದ ಗುದ್ದಿ ಕೂರಿಸಿದಳು. ಜಾಕು ಸೋರಿಲ್ಲ, ನೀವು ಮಲಗಿರಿ ಎಂದು ಒಳಗೆ ಕೂಗಿ ಹೇಳಿ ಪರದೆ ಕೊಡಲು ಹೊರಟಳು.

ಮಧ್ಯಾಹ್ನ ಹೊಸ ಬಟ್ಟೆಯ ಸುರುಳಿ ಹೆಗಲ ಮೇಲಿಟ್ಟುಕೊಂಡು, ಬಿಸಿಲಿನಿಂದ ನೇರ ಒಳಗೆ ನುಗ್ಗಿದವಳ ಹೊಟ್ಟೆಗೆ ಹ್ಯಾಂಡಲ್ಲು ರಪ್ಪನೆ ಬಡಿಯಿತು. ಟೇಬಲ್ಲು ಕೆಳಗಿತ್ತು.

ಈಗ ನಿಜವಾಗಿಯೂ ಸೋರಿತೇ ಎಂದು ಗಾಬರಿಯಿಂದ ನೆಲ ತಡಕಿದಳು. ಒಂದು ಹನಿ ಎಣ್ಣೆ ಇಲ್ಲ. ಪಿನ್ನು ಪಕ್ಕದ ಸ್ಟೂಲಿನ ಮೇಲಿತ್ತು. ಅದು ತಾನಾಗಿ ಬೀಳುವ ಪಿನ್ನಲ್ಲ. ಗುದ್ದಿ ಕೂರಿಸಿದ ಪಿನ್ನು ಸುಮ್ಮನೆ ಕೈಗೆ ಬರುವುದಿಲ್ಲ, ಮೊದಲು ಟೇಬಲ್ಲನ್ನು ಇನ್ನೊಂಚೂರು ತುಳಿದು ಎತ್ತಬೇಕು, ಆಮೇಲೆ ಬಗ್ಗಿ ಎಳೆಯಬೇಕು. ಸಂದಿಯಲ್ಲಿ ಮೇಸ್ತ್ರಿ ಗೋಡೆಗೊರಗಿ ನಿಂತಿದ್ದ. ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಬೆರಳುಗಳಿಗೆ ತಿಂಗಳುಗಳ ಮೇಲೆ ಗ್ರೀಸು ಮೆತ್ತಿತ್ತು.

"ಇವತ್ತು ಇಳಿಸೋದು ಮರ್ತೆ ನೀನು," ಎಂದ.

ಅಕ್ಕನ ಹೆಗಲಿನ ಸುರುಳಿ ಜಾರಿ ಬಿತ್ತು. "ನಿಮ್ಗೆ ಗೊತ್ತಿತ್ತಾ?"

"ಪಿನ್ನು ಹಾಕಿದ ಟೇಬಲ್ಲು ಇಳಿಯೋದುಂಟೇನೇ? ಎರಡನೇ ದಿನವೇ ಗೊತ್ತಾಯ್ತು."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?"

"ಗೊತ್ತು ಅಂದಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ," ಎಂದ ಮೇಸ್ತ್ರಿ. ಗ್ರೀಸಿನ ಬೆರಳನ್ನು ಅಂಗಿಗೆ ಒರೆಸುತ್ತಾ, "ನಂಗೊಬ್ಬನಿಗೇ ಅಷ್ಟು ಧೈರ್ಯ ಇರ್ಲಿಲ್ಲ ಕಣೇ," ಎಂದ.

ಅಕ್ಕ ಅತ್ತಳು. ಸದ್ದಿಲ್ಲದೆ ಅಲ್ಲ, ಬೀದಿಗೆ ಕೇಳುವ ಹಾಗೆ ಅತ್ತಳು, ಅಳುತ್ತಲೇ ಅವನನ್ನು ಬೈದಳು. ಇಷ್ಟು ದಿನ ಕಳ್ಳಿಯ ಹಾಗೆ ಕತ್ತಲಲ್ಲೇ ಎದ್ದದ್ದು, ಹಿಡಿ ಒತ್ತುವಾಗ ಉಸಿರು ಕಟ್ಟಿಕೊಂಡದ್ದು, ಎಲ್ಲ ಒಂದೊಂದಾಗಿ ಹೇಳಿಕೊಂಡಳು. ಅವನು ನಗುತ್ತಾ ಕೇಳಿಸಿಕೊಂಡ.

ಸಂಜೆ ಅಣ್ಣ ಗಿರಾಕಿಯನ್ನು ಹಿಂದಿಟ್ಟುಕೊಂಡು ಬಂದ. ಅಣ್ಣನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವಂಥದ್ದು. ಹ್ಯಾಂಡಲ್ಲು ದಾಟಲಾರದೆ ಹೊಸ್ತಿಲಲ್ಲೇ ಸಿಕ್ಕಿಕೊಂಡ. ಮೇಸ್ತ್ರಿ ಎದ್ದು ಬಂದು ಒಂದು ಕೈಯನ್ನು ಗೋಡೆಗೆ ಕೊಟ್ಟು, ಇನ್ನೊಂದನ್ನು ಸುಮ್ಮನೆ ಇಳಿಬಿಟ್ಟು, ತೊಡೆ ಮುಟ್ಟದೆ ಪೆಡಲ್ಲು ತುಳಿಯುವುದನ್ನು ಬಾಯಿ ತೆರೆದು ನೋಡಿದ. ನಡುವೆ ಮೂರ್ನಾಲ್ಕು ಸಲ ನಿಂತು ಉಸಿರು ತೆಗೆದುಕೊಂಡರೂ ಟೇಬಲ್ಲು ಪೂರ್ತಿ ಮೇಲೆ ಹೋಯಿತು. ಗಾಡಿ ಕೊಡುವುದಕ್ಕಲ್ಲ ಎಂದು ಮೇಸ್ತ್ರಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ. ಗಿರಾಕಿ ಗೊಣಗಿಕೊಂಡು ಹೋದ, ಅಣ್ಣ ಉಳಿದು ಊಟ ಮಾಡಿ ಹೋದ.

ಮರುದಿನ ಅಕ್ಕ ಕತ್ತಲಲ್ಲಿ ಏಳಲಿಲ್ಲ. ಅವನು ಎದ್ದು ಮುಖ ತೊಳೆದು ಬರುವವರೆಗೂ ಕಾದಳು. ಅವನು ಬಂದು ಸಂದಿಯಲ್ಲಿ ನಿಂತ ಮೇಲೆ, ಅವನ ಕಣ್ಣೆದುರೇ ಟೇಬಲ್ಲನ್ನು ಇಳಿಸಿದಳು.