ಗುಬ್ಬಿಗೆ ಹೇಳಮ್ಮ

ತಾತನ ಬೈಂಡಿಂಗ್ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಶಾಲೆಗಳ ಹಾಜರಿ ಪುಸ್ತಕ, ವಕೀಲರ ಕಡತ, ಬೆನ್ನು ಕಿತ್ತುಹೋದ ನಿಘಂಟು, ಹೀಗೆ ಹರಿದು ಹಂಚಿಹೋದದ್ದೆಲ್ಲ ಆ ಕೋಣೆಗೆ ಬಂದು, ದಾರ, ಅಂಟು, ರಟ್ಟು ಕಂಡು, ಮೈ ನೆಟ್ಟಗೆ ಮಾಡಿಕೊಂಡು ಹೋಗುತ್ತಿತ್ತು. ತಾತ ಎಡಚರು. ಬಲಗೈಯ ಮೂರು ಬೆರಳನ್ನು ಕಾಗದ ಕತ್ತರಿಸುವ ಯಂತ್ರ ಅವರ ಇಪ್ಪತ್ತನೆಯ ವಯಸ್ಸಿನಲ್ಲೇ ತಿಂದುಹಾಕಿತ್ತು. ಉಳಿದ ಎರಡರಲ್ಲಿ ಕಾಗದ ಒತ್ತಿ ಹಿಡಿಯುವುದು. ಹೊಲಿಯುವುದು, ಮಡಿಸುವುದು, ಸವರುವುದೆಲ್ಲ ಎಡಗೈ. ಆ ಎಡಗೈಗೆ ಇನ್ನೊಂದು ಕೆಲಸವೂ ಇತ್ತು. ಮೊಮ್ಮಗಳ ಜೊತೆ ಮಾತಾಡುವುದು.

ಮೊಮ್ಮಗಳನ್ನು ಮನೆಯವರೆಲ್ಲ ಗುಬ್ಬಿ ಎನ್ನುತ್ತಿದ್ದರು. ಹುಟ್ಟಿನಿಂದಲೇ ಕಿವುಡಿಯಾದ ಅವಳು ಆ ಹೆಸರನ್ನು ಎಂದೂ ಕೇಳಿದವಳಲ್ಲ. ಎದುರಿಗಿದ್ದವರ ತುಟಿ ಒಮ್ಮೆ ಮುಂದಕ್ಕೆ ಚಾಚಿ, ಮುಚ್ಚಿ, ಬಿಚ್ಚಿಕೊಂಡರೆ ಅದು ತಾನು ಎಂದು ಗೊತ್ತು, ಅಷ್ಟೆ.

ಅವಳಿಗೆ ಮೂರು ವರ್ಷವಾಗಿದ್ದಾಗ ಡಾಕ್ಟರೊಬ್ಬರು ಅಮ್ಮನಿಗೆ, "ಕೈಸನ್ನೆ ಅಭ್ಯಾಸ ಮಾಡಿಸಬೇಡಿ. ಕೈ ಆಡಿಸೋ ಮಕ್ಕಳು ಬಾಯಿ ಬಿಡೋದಿಲ್ಲ," ಎಂದಿದ್ದರು. ಅಮ್ಮ ಅದನ್ನೇ ವೇದವಾಕ್ಯ ಮಾಡಿಕೊಂಡಳು. ದಿನವೂ ಕನ್ನಡಿಯ ಮುಂದೆ ಮಗಳನ್ನು ಕೂರಿಸಿಕೊಂಡು, ಅವಳ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು "ಪ, ಬ, ಮ" ಎನ್ನುತ್ತಿದ್ದಳು. ಎಂಟು ವರ್ಷ ಬಿಡಲಿಲ್ಲ. ದಕ್ಕಿದ್ದು "ಅಮ್ಮ" ಎಂಬ ಒಂದು ಮಾತು, ಜೊತೆಗೆ ಹರಕುಮುರುಕು ಇನ್ನು ನಾಲ್ಕೈದು.

ಕನ್ನಡಿಯ ಮುಂದಿನಿಂದ ಎದ್ದವಳೇ ಗುಬ್ಬಿ ಅಂಗಡಿಗೆ ಓಡುತ್ತಿದ್ದಳು. ಅಲ್ಲಿ ಅವಳಿಗೂ ತಾತನಿಗೂ ತಮ್ಮದೇ ಕೈಮಾತು ಬೆಳೆದಿತ್ತು. ಸೂಜಿ ಚುಚ್ಚಿದಂತೆ ಹೆಬ್ಬೆರಳು ಒದರಿದರೆ ಸಿಟ್ಟು. ಪುಟ ತಿರುವಿದರೆ ನಾಳೆ, ಹಿಂದಕ್ಕೆ ತಿರುವಿದರೆ ನಿನ್ನೆ. ಅಂಗೈಯ ಮೇಲೆ ಅಂಗೈ ಒತ್ತಿ ಹಿಡಿದರೆ ತಾಳು. ಅಂಟು ಹಚ್ಚಿದ ಪುಸ್ತಕ ಒಣಗುವಷ್ಟು ಹೊತ್ತು ತಾಳು. ಎರಡು ಕೈಯನ್ನು ರಟ್ಟಿನಂತೆ ಜೋಡಿಸಿ, ತೆರೆದು, ಒಳಗೆ ಹಾಳೆಯೇ ಇಲ್ಲವೆಂದು ತೋರಿಸಿದರೆ ಸುಳ್ಳು. ಅಪ್ಪ ತಡವಾಗಿ ಬಂದು "ಬಸ್ ಸಿಗಲಿಲ್ಲ" ಎಂದಾಗಲೆಲ್ಲ ಇವರಿಬ್ಬರೂ ಮೂಲೆಯಲ್ಲಿ ಖಾಲಿ ರಟ್ಟು ತೆರೆದು ತೋರಿಸಿಕೊಂಡು ನಗುತ್ತಿದ್ದರು. ಮನೆಯಲ್ಲಿ ಯಾರು ಯಾರಿಗೆ ಏನೆಂದರು, ಪಕ್ಕದ ಮನೆಯಲ್ಲಿ ಯಾಕೆ ಜಗಳ, ರೇಡಿಯೋದಲ್ಲಿ ಏನು ಸುದ್ದಿ, ಎಲ್ಲವನ್ನೂ ತಾತ ಅವಳಿಗೆ ಒಪ್ಪಿಸುತ್ತಿದ್ದರು. ತಮ್ಮನ್ನು ಬೈದದ್ದನ್ನೂ ಬಿಡುತ್ತಿರಲಿಲ್ಲ.

"ನಿಮ್ಮಿಂದಲೇ ಮಾವ, ಇವಳಿಗೆ ಮಾತು ಬರಲಿಲ್ಲ," ಎಂದಳು ಒಮ್ಮೆ ಅಮ್ಮ.

"ಬಂದಿದೆಯಲ್ಲಮ್ಮ. ನಿನಗೆ ಕೇಳಿಸ್ತಿಲ್ಲ ಅಷ್ಟೆ," ಎಂದರು ತಾತ. ಆಮೇಲೆ ಎರಡನ್ನೂ ಗುಬ್ಬಿಗೆ ಕೈಯಲ್ಲಿ ಹೇಳಿ ಅಂಟಿನ ಡಬ್ಬಿಗೆ ಬ್ರಷ್ ಅದ್ದಿದರು.

ಹತ್ತೊಂಬತ್ತು ತುಂಬಿದಾಗ ಗುಬ್ಬಿಗೆ ಕಿವುಡರ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ರೈಲಿನಲ್ಲಿ ಒಂದು ಹಗಲಿನ ದಾರಿ. ಮೊದಲ ದಿನ ಊಟದ ಹಾಲಿನ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವಳು ನಿಂತೇ ಇದ್ದಳು. ಮುನ್ನೂರು ಜನ, ಆರುನೂರು ಕೈ. ಒಬ್ಬ ಈ ತುದಿಯಿಂದ ಆ ತುದಿಯವನ ಜೊತೆ ಜಗಳ ಕಾಯುತ್ತಿದ್ದ. ಒಬ್ಬಳು ಬಾಯಿ ತುಂಬ ತುತ್ತು ಇಟ್ಟುಕೊಂಡೇ ಕಥೆ ಹೊಡೆಯುತ್ತಿದ್ದಳು. ಅಡುಗೆಯವನು ಸೌಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಪಲ್ಯ ಮುಗಿಯಿತು ಎಂದು ಎರಡೂ ಕೈಯಲ್ಲಿ ಸಾರುತ್ತಿದ್ದ. ಯಾರನ್ನಾದರೂ ಕರೆಯಬೇಕಾದರೆ ಮೇಜು ಕುಟ್ಟುವರು, ನೆಲಕ್ಕೆ ಕಾಲು ಅಪ್ಪಳಿಸುವರು, ದೀಪ ಹಾಕಿ ಆರಿಸುವರು. ಬೀಳ್ಕೊಡುವುದಂತೂ ಮುಗಿಯುತ್ತಲೇ ಇರಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ, ಗೇಟಿನವರೆಗೆ ಹೋದವರು ಮತ್ತೆ ತಿರುಗಿ, ಕಣ್ಣಿಗೆ ಕಾಣುವಷ್ಟು ದೂರವೂ ಮಾತು.

ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವಳು "ಏನು?" ಎಂದು ಹುಬ್ಬು ಹಾರಿಸುವುದು, ಅಮ್ಮ "ಆಮೇಲೆ ಹೇಳ್ತೀನಿ" ಎನ್ನುವುದು, ಆ ಆಮೇಲೆ ಬಾರದೇ ಹೋಗುವುದು. ತಾತ ಪಕ್ಕದಲ್ಲಿ ಇಲ್ಲದಾಗ ಅವಳ ಪಾಡು ಇದೇ ಆಗಿತ್ತು. ಇಲ್ಲಿ ಮೂರನೆಯ ವಾರ ಯಾರೋ ತಮಾಷೆ ಹೇಳಿದಾಗ ಅವಳು ಎಲ್ಲರ ಜೊತೆ, ಅದೇ ಕ್ಷಣಕ್ಕೆ, ನಕ್ಕಳು. ನಕ್ಕವಳು ಎದ್ದು ಹೋಗಿ ಕೈತೊಳೆಯುವ ನಲ್ಲಿಯ ಹತ್ತಿರ ನಿಂತು ಅತ್ತಳು.

ಅವಳ ಕೈ ನೋಡಿ ನಗುವವರೂ ಇದ್ದರು. "ಇದೇನೇ, ಮಾತಾಡ್ತಿದ್ದೀಯೋ ಪೊಟ್ಟಣ ಕಟ್ತಿದ್ದೀಯೋ?" ಎಂದು ಕೋಣೆಯ ಗೆಳತಿ ಅಣಕಿಸಿದಳು. ಗುಬ್ಬಿ ಹಸಿದವಳಂತೆ ಸನ್ನೆಭಾಷೆ ಕಲಿತಳು. ಅದಕ್ಕೆ ವ್ಯಾಕರಣವಿತ್ತು, ಬೈಗುಳವಿತ್ತು, ಕವಿತೆ ಕೂಡ ಇತ್ತು. ತಾತನ ಕೈಮಾತು ಹಳೆಯ ಫ್ರಾಕಿನ ಹಾಗೆ ಅವಳಿಗೆ ಗಿಡ್ಡವಾಯಿತು. ಸ್ವಲ್ಪ ನಾಚಿಕೆಯೂ ಆಯಿತು.

ರಜೆಗೆ ಬಂದಾಗ ತಾತ ಅಂಗಡಿಯ ಕೆಲಸ ಬಿಟ್ಟು ಅವಳೆದುರು ಕೂತರು. "ನಿನ್ನ ಕಾಲೇಜಿನ ಮಾತು ನನಗೂ ಕಲಿಸು." ಅವಳು ಕಲಿಸಿದಳು. ತಾತನ ಬೆರಳು ತಪ್ಪುತ್ತಿದ್ದವು. ಅವಳು ಹಿಡಿದು ತಿದ್ದಿದಳು, ಮತ್ತೆ ತಪ್ಪಿದವು. ಮೂರು ಬೆರಳಿಲ್ಲದ ಬಲಗೈಯಲ್ಲಿ ಅರ್ಧದಷ್ಟು ಸನ್ನೆ ಆಗುತ್ತಲೇ ಇರಲಿಲ್ಲ. "ಹಾಗಲ್ಲ. ಅಯ್ಯೋ, ಹಾಗಲ್ಲ," ಎಂದಳು. "ಹಳೇ ರಟ್ಟು ಕಣೇ. ಮಡಿಸಿದ್ರೆ ಮುರಿಯುತ್ತೆ," ಎಂದು ತಾತ ತಮ್ಮ ಮಾತಿನಲ್ಲಿ ಹೇಳಿ ನಕ್ಕರು. ಅಷ್ಟರಲ್ಲಿ ಗೆಳತಿಯ ವಿಡಿಯೋ ಕರೆ ಬಂತು. ಗುಬ್ಬಿ ಫೋನ್ ಹಿಡಿದು ಎದ್ದುಹೋದಳು. ಮಾರನೆಯ ದಿನ ತಾತ ಮತ್ತೆ ಕೇಳಲಿಲ್ಲ, ಅವಳೂ ಕೂರಿಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ತಾತ ವಿಡಿಯೋದಲ್ಲಿ ಬರುವುದು ರೂಢಿ. ಎರಡನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಮೂರು ಭಾನುವಾರ ಬರಲಿಲ್ಲ. "ತಾತಂಗೆ ಅಂಗಡೀಲಿ ಕೆಲಸ ಜಾಸ್ತಿ. ನೀನು ಚೆನ್ನಾಗಿ ಓದು," ಎಂದು ಅಮ್ಮನ ಮೆಸೇಜು ಬಂತು. ಗುಬ್ಬಿ ಓದಿದಳು, ಚೆನ್ನಾಗಿಯೇ ಬರೆದಳು, ರೈಲು ಹತ್ತಿದಳು.

ಮನೆಯ ಹಾಲಿನಲ್ಲಿ ಮಂಚ ಹಾಕಿದ್ದರು. ತಾತನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಆ ಎಡಗೈಯನ್ನು ಯಾರೋ ದಿಂಬಿನ ಮೇಲೆ ಮಟ್ಟಸವಾಗಿ ಇಟ್ಟಿದ್ದರು. ಬಲಗೈಯ ಎರಡು ಬೆರಳಲ್ಲಿ ಯಾವ ಸನ್ನೆಯೂ ಕೂಡುತ್ತಿರಲಿಲ್ಲ. ಬಾಯಿ ಒಂದು ಕಡೆ ವಾಲಿತ್ತು. ಆದರೂ ತಾತ ಅವಳನ್ನು ಕಂಡವರೇ ಮಾತಾಡತೊಡಗಿದರು. ಬಾಯಲ್ಲಿ. ಕಣ್ಣು ಅವಳ ಮೇಲೆ, ತುಟಿ ಬಿಡುವಿಲ್ಲದೆ ಅಲುಗುತ್ತಿತ್ತು. ವಾಲಿದ ತುಟಿಯಿಂದ ಗುಬ್ಬಿಗೆ ಒಂದಕ್ಷರವೂ ಓದಲಾಗಲಿಲ್ಲ. ಮನೆಯವರಿಗೆಲ್ಲ ಕೇಳಿಸುತ್ತಿದ್ದ ತಾತ ಅವಳೊಬ್ಬಳಿಗೆ ಮೂಕರಾಗಿದ್ದರು.

"ಏನಂತೆ?" ಎಂದು ಅಮ್ಮನತ್ತ ತಿರುಗಿ ಹುಬ್ಬು ಹಾರಿಸಿದಳು.

"ಊಟ ಮಾಡಿದ್ಯಾ ಅಂತ," ಎಂದು ಅಮ್ಮ ಕೈಯನ್ನು ಬಾಯಿಗೆ ಒಯ್ದು ತೋರಿಸಿದಳು.

ಅಷ್ಟು ಹೊತ್ತು ಆಡಿದ್ದು ಅಷ್ಟೇನಾ? ಗುಬ್ಬಿ ಫೋನ್ ತೆಗೆದು, ಮಾತನ್ನು ಅಕ್ಷರ ಮಾಡುವ ಆ್ಯಪ್ ಹಾಕಿ ತಾತನ ಬಾಯಿಯ ಹತ್ತಿರ ಹಿಡಿದಳು. ತೊದಲು ಮಾತು ಅದಕ್ಕೆ ಹತ್ತಲಿಲ್ಲ. ‘ಬಾಗಿಲು ನೀರು ಹದಿನಾಲ್ಕು ಹೋಗಿ’ ಎಂದು ಬಂತು. ಅಪ್ಪನ ಕೈಗೆ ಪೆನ್ನು ಹಾಳೆ ಕೊಟ್ಟಳು. ಅಪ್ಪ ಬಗ್ಗಿ ಕೇಳಿ, ‘ಆರೋಗ್ಯ ನೋಡಿಕೋ ಅಂತಿದ್ದಾರೆ’ ಎಂದು ಬರೆದು ಆಫೀಸಿಗೆ ಹೊರಟರು.

ಮೂರನೆಯ ದಿನ ಸಂಜೆ ಅತ್ತೆ, ಎಂದರೆ ತಾತನ ಮಗಳು, ನೋಡಲು ಬಂದಿದ್ದಳು. ತಾತ ಏನೋ ಹೇಳಿದರು. ಅತ್ತೆ ಬಿದ್ದು ಬಿದ್ದು ನಕ್ಕಳು. ಅಮ್ಮನೂ ನಕ್ಕಳು. ಆಮೇಲೆ ತಾತ ಗುಬ್ಬಿಯ ಕಡೆ ಕಣ್ಣು ಹೊರಳಿಸಿ ಇನ್ನೇನೋ ಹೇಳಿದರು, ಹೇಳುತ್ತಾ ಹೇಳುತ್ತಾ ಅವರ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು. ಅತ್ತೆಯ ನಗು ನಿಂತಿತು.

ಗುಬ್ಬಿ ಅತ್ತೆಯ ತೋಳು ಹಿಡಿದು ಅಲ್ಲಾಡಿಸಿದಳು. ಏನು?

"ಆಮೇಲೆ ಹೇಳ್ತೀನಿ," ಎಂದಿತು ಅತ್ತೆಯ ತುಟಿ.

ಗುಬ್ಬಿ ನೆಲಕ್ಕೆ ಕಾಲು ಅಪ್ಪಳಿಸಿದಳು. ಮೇಜಿನ ಮೇಲಿನ ಔಷಧಿ ಬಾಟಲು ಉರುಳಿ ಬಿತ್ತು. ಎಷ್ಟೋ ವರ್ಷದಿಂದ ಬಳಸದೆ ಬಿಟ್ಟಿದ್ದ ಗಂಟಲನ್ನು ಎಳೆದು, ಹೊಟ್ಟೆಯಿಂದ ಕಿತ್ತು ತೆಗೆದಂತೆ ಕೂಗಿದಳು: "ಅಮ್ಮ! ಏ...ನು? ತಾ...ತ ಏ...ನು?"

ಅಮ್ಮ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಓಡಿ ಬಂದು ಮಗಳನ್ನು ತಬ್ಬಿಕೊಂಡು ಬಿಕ್ಕತೊಡಗಿದಳು. ಅಮ್ಮನ ತುಟಿ ಅತ್ತೆಯ ಕಡೆ ತಿರುಗಿ ಆಡಿದ್ದನ್ನು ಗುಬ್ಬಿ ಸ್ಪಷ್ಟವಾಗಿ ಓದಿದಳು: "ಮಾತಾಡಿದಳು! ಕೇಳಿದ್ಯಾ? ನನ್ನ ಮಗಳು ಮಾತಾಡಿದಳು ಕಣೇ!"

ತಾತ ಏನೆಂದರು ಎಂಬುದನ್ನು ಆಗಲೂ ಯಾರೂ ಹೇಳಲಿಲ್ಲ. ಅಮ್ಮನ ತೋಳಿನಿಂದ ಬಿಡಿಸಿಕೊಂಡು ಗುಬ್ಬಿ ಮಂಚದ ಪಕ್ಕ ಕೂತಳು. ತಾತನ ಸತ್ತ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಕೈಯಲ್ಲಿ, ಅವರ ಮಾತಿನಲ್ಲೇ ಕೇಳಿದಳು: ನೋವಾ? ಸಿಟ್ಟಾ? ನಾಳೆ ಹೇಳ್ತೀಯಾ? ತಾತ ಎಲ್ಲದಕ್ಕೂ ಕಣ್ಣು ಮುಚ್ಚಿ ತೆರೆದರು. ಅದು ಹೌದೋ, ಅಲ್ಲವೋ, ಬರೀ ದಣಿವೋ ತಿಳಿಯಲಿಲ್ಲ. ಕಾಲೇಜಿನ ಮಾತು ಸರಿಯಾಗಿ ಕಲಿಸಲಿಲ್ಲ, ತಪ್ಪಾಯಿತು ಎಂದಳು. ಅದಕ್ಕೂ ತಾತ ಕಣ್ಣು ಮುಚ್ಚಿ ತೆರೆದರು.

ಎರಡು ದಿನದ ಮೇಲೆ ಬೆಳಿಗ್ಗೆ ಅಮ್ಮ ಚಮಚದಲ್ಲಿ ಹಾಲು ಕುಡಿಸುತ್ತಿದ್ದಾಗ ತಾತ ಹೋದರು. ಗುಬ್ಬಿ ಬಚ್ಚಲಲ್ಲಿದ್ದಳು. ಅವಳನ್ನು ಕೂಗಿ ಕರೆದರಂತೆ.

ಜನ ಬಂದು ಹೋಗುವುದೆಲ್ಲ ಮುಗಿದ ಮೇಲೆ ಗುಬ್ಬಿ ಒಂದು ಹಾಳೆಯ ತಲೆಯ ಮೇಲೆ ‘ತಾತ ಮಲಗಿದಾಗಿನಿಂದ ಹೇಳಿದ್ದೆಲ್ಲ’ ಎಂದು ಬರೆದು ಮನೆಯವರ ಮುಂದಿಟ್ಟಳು. ಅತ್ತೆಗೆ ನಗಿಸಿದ ಮಾತು ಮಾತ್ರ ನೆನಪಿತ್ತು: ನರ್ಸು ನನ್ನನ್ನ ರಟ್ಟಿನ ಹಾಗೆ ತಿರುಗಿಸಿ ಹಾಕ್ತಾಳೆ ಅಂತ. ಅಳು ಬಂದ ಮಾತು? ಏನೋ ನಿನ್ನ ಬಗ್ಗೆನೇ, ಎಂದು ಬರೆದಳು. ಅಪ್ಪ ಎರಡು ಸಾಲು ಬರೆದರು. ಫ್ಯಾನು ಜೋರಾಯಿತು ಎಂಬುದು ಒಂದು, ವಕೀಲರ ಕಡತ ಹೊಲಿದು ಮುಗಿದಿಲ್ಲ ಎಂಬುದು ಇನ್ನೊಂದು.

ಅಮ್ಮ ಹಾಳೆಯನ್ನು ಎರಡು ದಿನ ಇಟ್ಟುಕೊಂಡಳು. ಮೂರನೆಯ ದಿನ ಅಂಗಡಿಗೆ ಬಂದು, ಕತ್ತರಿಸುವ ಯಂತ್ರದ ಪಕ್ಕ ನೆಲದ ಮೇಲೆ ಕೂತು, ಮಗಳ ಕೈಗೆ ಕೊಟ್ಟಳು.

‘ದಿನಾ ಮಾತಾಡ್ತಿದ್ರು. ಕಾಯಿಲೆಯವರ ಗೊಣಗಾಟ ಅಂತ ನಾನು ಕೆಲಸ ಮಾಡ್ಕೊಂಡೇ ಹೂಂ ಅಂತಿದ್ದೆ. ಗುಬ್ಬಿಗೆ ಹೇಳಮ್ಮ ಅಂತ ತುಂಬಾ ಸಲ ಅಂದ್ರು. ಗುಬ್ಬಿಗೆ ಹೇಳಮ್ಮ ಅಂದು ಏನೇನೋ ಹೇಳೋರು. ಕೊನೇ ದಿನವೂ ಅದನ್ನೇ ಅಂದ್ರು. ಏನು ಹೇಳು ಅಂದ್ರು ಅನ್ನೋದು ಎಷ್ಟು ತಡಕಿದರೂ ಬರ್ತಿಲ್ಲ. ನನಗೆ ಕಿವಿ ಇತ್ತು, ಕೇಳಿಸಿಕೊಳ್ಳಲಿಲ್ಲ.’

ಗುಬ್ಬಿ ಓದಿ ಮುಗಿಸಿ ತಲೆ ಎತ್ತಿದಳು. ಅಮ್ಮ ಅಳುತ್ತಿರಲಿಲ್ಲ. ಎರಡೂ ಕೈಯನ್ನು ಮಡಿಲಿನಿಂದ ಎತ್ತಿ, ಏನೋ ಹೇಳಲು ಹೊರಟು, ಹೇಗೆ ಹೇಳುವುದೆಂದು ತಿಳಿಯದೆ, ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ಬೈಯಬೇಕೆಂದು ಎದ್ದ ಗುಬ್ಬಿಯ ಕೈ ಬೈಯಲಾರದೆ ಇಳಿಯಿತು. ಬೈದರೂ ಅಮ್ಮನಿಗೆ ಅರ್ಥವಾಗುತ್ತಿರಲಿಲ್ಲ.

ಕಾಲೇಜಿಗೆ ಮರಳಿದ ಮೇಲೆ ಭಾಷಾಶಾಸ್ತ್ರದ ಮೇಷ್ಟ್ರು, ತಾವೂ ಕಿವುಡರಾದ ನರೆಗಡ್ಡದ ಮನುಷ್ಯ, ಸಂಗತಿ ತಿಳಿದು ಅವಳನ್ನು ಕರೆಸಿದರು. "ನಿಮ್ಮಿಬ್ಬರದು ಒಂದು ಭಾಷೆನೇ ಕಣಮ್ಮ. ಬಲ್ಲವಳು ಈಗ ನೀನೊಬ್ಬಳೇ. ದಾಖಲೆ ಮಾಡೋಣ." ಆ ಕೈಮಾತಿಗೆ ಹಿಂದೆ ನಾಚಿಕೊಂಡಿದ್ದವಳು ಈಗ ಕ್ಯಾಮೆರಾದ ಮುಂದೆ ಕೂತಳು. ಮೇಷ್ಟ್ರು ಪಟ್ಟಿ ಹಿಡಿದು ಒಂದೊಂದೇ ಕೇಳಿದರು. ಸಿಟ್ಟು. ನಾಳೆ. ತಾಳು. ಅಂಟು, ಅಪ್ಪ, ಅಮ್ಮ, ಪಕ್ಕದ ಮನೆಯವಳು. ಎಲ್ಲದಕ್ಕೂ ಸನ್ನೆ ಇತ್ತು.

"ತಾತನಿಗೆ?"

ಗುಬ್ಬಿಯ ಕೈ ಎದ್ದು ಅಲ್ಲೇ ನಿಂತಿತು. "ಇಲ್ಲ ಸಾರ್," ಎಂದಳು. "ಅದಕ್ಕೆ ಸನ್ನೆ ಇರಲಿಲ್ಲ. ಆಡುವವರು ಇಬ್ಬರೇ. ತಾತ ಯಾವಾಗಲೂ ಎದುರಿಗೇ ಇರುತ್ತಿದ್ದರು. ಬೆರಳು ತೋರಿಸಿದರೆ ಸಾಕಿತ್ತು."

ಮೇಷ್ಟ್ರು ಪೆನ್ನು ಕೆಳಗಿಟ್ಟು ಕ್ಯಾಮೆರಾ ನಿಲ್ಲಿಸಲು ಕೈ ಚಾಚಿದರು. ಗುಬ್ಬಿ ಬೇಡ ಎಂದು ತಲೆಯಾಡಿಸಿದಳು. ಪಟ್ಟಿಯಲ್ಲಿ ಇನ್ನೂ ಅರವತ್ತು ಚಿಲ್ಲರೆ ಉಳಿದಿದ್ದವು. ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.