ದೊಡ್ಡಳಿಯನ ಕಿವಿ

ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಒಂದೇ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಕ್ಕನ ಗಂಡ ಎಂಜಿನ್ ಪರೀಕ್ಷೆಯ ವಿಭಾಗಕ್ಕೆ ಮುಖ್ಯಸ್ಥ. ತಂಗಿಯ ಗಂಡ ಕಾರಿನೊಳಗಿನ ವೈರುಗಳನ್ನು ಕಟ್ಟು ಮಾಡಿ ಜೋಡಿಸುವ ವಿಭಾಗದವನು. ಮಾವನ ಮನೆಯಲ್ಲಿ ಅವರನ್ನು ದೊಡ್ಡಳಿಯ, ಚಿಕ್ಕಳಿಯ ಎಂದೇ ಕರೆಯುತ್ತಿದ್ದರು. ಇಬ್ಬರಿಗೂ ವಯಸ್ಸಿನಲ್ಲಿ ಏಳು ವರ್ಷದ ಅಂತರ. ಗೌರವದಲ್ಲಿ ಅದಕ್ಕಿಂತ ಹೆಚ್ಚು.

ಕಾರ್ಖಾನೆಯವರು ದೊಡ್ಡಳಿಯನಿಗೆ ಕಿವಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುತ್ತಿರುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ನಿಂತರೆ ಸಾಕು, ಒಳಗೆ ಯಾವ ಭಾಗ ಸರಿಯಿಲ್ಲ ಎಂಬುದನ್ನು ಹೇಳಿಬಿಡುತ್ತಿದ್ದ. ಎಂಜಿನ್ ಬಿಚ್ಚಿ ನೋಡಿದವರು ಇಪ್ಪತ್ನಾಲ್ಕು ವರ್ಷದಲ್ಲಿ ಅವನ ಮಾತು ತಪ್ಪಿದ್ದನ್ನು ಕಂಡಿರಲಿಲ್ಲ. ಚಿಕ್ಕಳಿಯ ಹೊಸದಾಗಿ ಕೆಲಸಕ್ಕೆ ಸೇರಿದಾಗ ಶಿಫಾರಸು ಮಾಡಿದವನೂ ಅವನೇ, ‘ದಾರದುಂಡೆ’ ಎಂದು ಅಡ್ಡಹೆಸರು ಇಟ್ಟವನೂ ಅವನೇ. ದಿನವಿಡೀ ವೈರು ಸುತ್ತುವವನಿಗೆ ಇನ್ನೇನು ಹೆಸರು ಬರುತ್ತದೆ? ಚಿಕ್ಕಳಿಯನೂ ನಕ್ಕು ಸುಮ್ಮನಾಗಿದ್ದ. ಭಾನುವಾರದ ಊಟಕ್ಕೆ ಮಾವನ ಮನೆಗೆ ಹೋದರೆ ದೊಡ್ಡಳಿಯನಿಗೆ ಕಿಟಕಿಯ ಪಕ್ಕದ ಕುರ್ಚಿ, ಮೊದಲ ತಟ್ಟೆ. ಮಾವ ಲೋಕದ ಸಮಾಚಾರವನ್ನೆಲ್ಲ ಅವನನ್ನೇ ಕೇಳುತ್ತಿದ್ದರು.

ಮೊದಲು ಬಂದದ್ದು ಹೊಗೆಯ ಕಾನೂನು. ಸರಕಾರ ಕಾರಿನ ಹೊಗೆಗೆ ಹೊಸ ಮಿತಿ ಹಾಕಿತು. ಕಾರ್ಖಾನೆಯ ಹಳೆಯ ಎಂಜಿನ್ ಆ ಮಿತಿಯೊಳಗೆ ಬರಲೇ ಇಲ್ಲ. ಅದರ ಹಿಂದೆಯೇ ಪೆಟ್ರೋಲಿನ ಬೆಲೆ ಏರಿತು, ಬ್ಯಾಂಕುಗಳು ಕಾರು ಸಾಲದ ಬಡ್ಡಿ ಏರಿಸಿದವು. ಜನ ಕೊಳ್ಳುವುದನ್ನು ಮುಂದಕ್ಕೆ ಹಾಕಿದರು. ಮಾರಾಟವಾಗದ ಕಾರುಗಳು ಹಿಂದಿನ ಬಯಲಿನಲ್ಲಿ ಧೂಳು ಹೊದ್ದು ಸಾಲುಗಟ್ಟಿದವು. ಅದೇ ಸಮಯಕ್ಕೆ ಹೊರದೇಶದ ಕಂಪನಿಯೊಂದು ಕಡಿಮೆ ಬೆಲೆಗೆ ಬ್ಯಾಟರಿ ಕಾರು ತಂದಿಳಿಸಿತು. ಕಾರ್ಖಾನೆಯ ದೊಡ್ಡವರು ಮೂರು ದಿನ ಬಾಗಿಲು ಹಾಕಿಕೊಂಡು ಕೂತರು. ನಾಲ್ಕನೆಯ ದಿನ ಎಂಜಿನ್ ವಿಭಾಗಕ್ಕೆ ಇನ್ನು ಒಂದೇ ಪಾಳಿ ಎಂದೂ ಎರಡು ವರ್ಷದಲ್ಲಿ ಅದು ಪೂರ್ತಿ ಬಂದ್ ಎಂದೂ ನೋಟಿಸು ಅಂಟಿಸಿದರು. ಇನ್ನು ಮುಂದೆ ಏನಿದ್ದರೂ ಬ್ಯಾಟರಿ ಕಾರು. ಅದರಲ್ಲಿ ಎಂಜಿನ್ನೇ ಇರುವುದಿಲ್ಲ, ಬರೀ ಮೋಟರು ಮತ್ತು ವೈರು.

ವೈರು ಎಂದ ಮೇಲೆ ದಾರದುಂಡೆಯ ಕಾಲ ಬಂತು. ಚಿಕ್ಕಳಿಯ ಯಾರಿಗೂ ಹೇಳದೆ ಎರಡು ವರ್ಷದಿಂದ ಕೆಲಸ ಮುಗಿಸಿ ತಾಂತ್ರಿಕ ಶಾಲೆಗೆ ಹೋಗುತ್ತಿದ್ದ ಸಂಗತಿ ಆಗ ಹೊರಬಿತ್ತು. ಕಂಪನಿ ಅವನನ್ನು ಮೂರು ತಿಂಗಳ ತರಬೇತಿಗೆ ವಿಮಾನ ಹತ್ತಿಸಿ ಕಳಿಸಿತು. ಹಿಂತಿರುಗಿದಾಗ ಬೂದು ಬಣ್ಣದ ಕೋಟು ಹಾಕಿಸಿ ಬ್ಯಾಟರಿ ಕಾರು ಜೋಡಿಸುವ ಹೊಸ ಬ್ಯಾಟರಿ ಹಾಲಿಗೆ ಮುಖ್ಯಸ್ಥನನ್ನಾಗಿ ಮಾಡಿತು.

ದೊಡ್ಡಳಿಯ ಎಲ್ಲರಿಗಿಂತ ಮೊದಲು ಕೈಕುಲುಕಿದ. ಆಮೇಲೆ ತನ್ನ ವಿಭಾಗಕ್ಕೆ ಬಂದು, ಏನೂ ತೊಂದರೆಯಿಲ್ಲದ ಎಂಜಿನ್ನಿಗೆ ಸ್ಕ್ರೂಡ್ರೈವರ್ ತಾಗಿಸಿ ಅರ್ಧ ಗಂಟೆ ನಿಂತಿದ್ದ.

ಅಂದಿನಿಂದ ಅವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಬೂದು ಕೋಟಿಗೆ ಎಷ್ಟು ಜೇಬು ಎಂಬುದು ಅವನಿಗೆ ಗೊತ್ತಿತ್ತು. ಚಿಕ್ಕಳಿಯನ ಸೈಕಲ್ ನಿಲ್ಲುತ್ತಿದ್ದ ಜಾಗ ಎಲ್ಲಿ, ಈಗ ಅವನ ಕಾರು ನಿಲ್ಲುವ ನೆರಳು ಎಲ್ಲಿ, ಎರಡರ ನಡುವೆ ಎಷ್ಟು ಹೆಜ್ಜೆ ಎಂಬುದೂ ಗೊತ್ತಿತ್ತು. ಮಾವ ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂದು ಚಿಕ್ಕಳಿಯನನ್ನು ಕೇಳಿದ ದಿನ ಅವನು ಮೊಸರನ್ನಕ್ಕೆ ಕಾಯದೆ ಕೈತೊಳೆದ. ನಾದಿನಿ ಮಾತಿಗೊಮ್ಮೆ “ನಮ್ಮವರು, ನಮ್ಮವರು” ಎನ್ನುವುದನ್ನು ಅವನು ಲೆಕ್ಕ ಹಿಡಿಯುತ್ತಿದ್ದ. ಒಂದು ಭಾನುವಾರ ಹದಿನೇಳಾಯಿತು.

ಬೆಳಗಿನ ಪತ್ರಿಕೆಯಲ್ಲಿ ಅವನು ಹಿಂದೆಂದೂ ತೆರೆಯದಿದ್ದ ವ್ಯಾಪಾರದ ಪುಟವನ್ನೇ ಈಗ ಮೊದಲು ಓದತೊಡಗಿದ. ಬ್ಯಾಟರಿಗೆ ಬೇಕಾದ ಖನಿಜದ ಬೆಲೆ ಏರಿತೆಂದು ಓದಿದರೆ ಎರಡನೆಯ ಲೋಟ ಚಹಾ ಕೇಳುತ್ತಿದ್ದ. ಪೆಟ್ರೋಲು ಅಗ್ಗವಾಯಿತೆಂದರೆ ಹಾಡು ಗುನುಗುತ್ತ ಸ್ನಾನಕ್ಕೆ ಹೋಗುತ್ತಿದ್ದ. ಎದುರಾಳಿ ಕಂಪನಿ ತನ್ನ ಕಾರಿನ ಬೆಲೆಯನ್ನು ಐದನೆಯ ಒಂದು ಭಾಗ ಇಳಿಸಿತೆಂದು ಸುದ್ದಿ ಬಂದ ದಿನ ಹೆಂಡತಿಗೆ ಪುಟ ಮಡಿಸಿ ತೋರಿಸಿದ.

“ಅವರು ಇಳಿಸಿದ್ರೆ ನಿಮ್ ಕಾರ್ಖಾನೆಗೇ ತಾನೇ ಏಟು?” ಎಂದಳು ಅವಳು.

ಕೂತ ಕೊಂಬೆಯನ್ನೇ ಕಡಿಯಲು ಹೊರಟವನಿಗೆ ಕೆಳಗೆ ನಿಂತವರು ಎಚ್ಚರಿಸಿದಂತಾಯಿತು. ಅವನು ಪತ್ರಿಕೆ ತೆಗೆದಿಟ್ಟ. ಮರುದಿನ ಮತ್ತೆ ಅದೇ ಪುಟ ತೆರೆದ.

ಬೆಲೆ ಇಳಿಸುವ ಆ ಪೈಪೋಟಿ ಕಾರ್ಖಾನೆಯೊಳಕ್ಕೂ ಬಂತು. ಹೊಸ ಕಾರಿನ ಖರ್ಚು ಇಳಿಸಲೇಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ಖರೀದಿ ವಿಭಾಗದವರು ಬಿಡಿಭಾಗಗಳನ್ನು ಹಳಬರಿಂದ ಬಿಡಿಸಿ ಅಗ್ಗಕ್ಕೆ ಕೊಡುವವರಿಂದ ತರಿಸಿದರು. ಕಾರು ಪೇಟೆಗೆ ಹೋಗಲು ಹತ್ತು ದಿನ ಉಳಿದಿರುವಾಗ, ಒಂದು ಗುರುವಾರ, ಚಿಕ್ಕಳಿಯ ಎಂಜಿನ್ ವಿಭಾಗಕ್ಕೆ ನಡೆದುಕೊಂಡು ಬಂದ. ಕೋಟು ಹಾಕಿರಲಿಲ್ಲ.

“ಅಣ್ಣ, ಒಂದ್ಸಲ ಬಂದು ಹೊಸ ಗಾಡಿ ಸದ್ದು ಕೇಳ್ತೀರಾ? ಯಂತ್ರ ಇಟ್ಟು ಅಳೆದ್ರೆ ಎಲ್ಲಾ ಮಿತಿಯೊಳಗೇ ಇದೆ. ಆದ್ರೂ ನನಗ್ಯಾಕೋ ಸಮಾಧಾನ ಇಲ್ಲ. ಸೋಮವಾರ ಮೊದಲ್ನೇ ಲಾರಿಗಳು ಹೊರಡ್ತವೆ.”

ಕಾರ್ಖಾನೆಯ ಹಿಂದಿನ ಪರೀಕ್ಷೆಯ ರಸ್ತೆಗೆ ಹೋದರು. ಚಿಕ್ಕಳಿಯ ಓಡಿಸಿದ, ದೊಡ್ಡಳಿಯ ಪಕ್ಕದಲ್ಲಿ ಕೂತ. ಎಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಚಕ್ರ ಉರುಳುವುದು, ಗಾಳಿ ಸವರುವುದು ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ವೇಗ ನಲವತ್ತು ದಾಟುತ್ತಿದ್ದಂತೆ ಮುಂದಿನ ಎಡಗಡೆಯಿಂದ ಸೊಳ್ಳೆಯಷ್ಟು ಸಣ್ಣದೊಂದು ಕುಂಯ್ಗುಟ್ಟುವ ದನಿ ಎದ್ದಿತು. ಅರವತ್ತಕ್ಕೆ ಅಡಗಿತು. ಮೋಟರಿಗೆ ಜೋಡಿಸಿದ ಗೇರ್‌ಬಾಕ್ಸಿನ ಬೇರಿಂಗ್. ಅಗ್ಗದ ಉಕ್ಕು, ಒರಟು ಗುಂಡು. ಇನ್ನು ಕೆಲವು ತಿಂಗಳಲ್ಲಿ ಅದು ಸವೆದು ಕಿರುಚುತ್ತದೆ, ಆಮೇಲೆ ಚಕ್ರ ತಿರುಗದಂತೆ ಹಿಡಿದುಕೊಂಡುಬಿಡುತ್ತದೆ. ಇಷ್ಟೂ ಅವನಿಗೆ ಮೊದಲ ಸುತ್ತಿನಲ್ಲೇ ತಿಳಿಯಿತು. ಎರಡನೆಯ ಸುತ್ತು, ಮೂರನೆಯ ಸುತ್ತು ಹಾಕಿಸಿದ. ಚಿಕ್ಕಳಿಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಮತ್ತೆ ಮತ್ತೆ ಅವನ ಮುಖ ನೋಡುತ್ತಿದ್ದ. ಎಷ್ಟೋ ತಿಂಗಳ ಮೇಲೆ ಹಾಗೆ ತನ್ನತ್ತ ಯಾರೋ ನೋಡುತ್ತಿದ್ದುದು ದೊಡ್ಡಳಿಯನಿಗೆ ಹಿತವಾಗಿತ್ತು. ಅದು ಸತ್ಯ ಹೇಳಿದ ಮರುಗಳಿಗೆ ಮುಗಿದುಹೋಗುತ್ತದೆ ಎಂಬುದೂ ಹೊಳೆಯಿತು. ಬೇರಿಂಗ್ ಬದಲಾಯಿಸುತ್ತಾರೆ, ಕಾರು ಚೆನ್ನಾಗಿ ಓಡುತ್ತದೆ, ಹೆಸರು ಬೂದು ಕೋಟಿಗೆ ಬರುತ್ತದೆ.

“ಏನೂ ಇಲ್ಲ. ಹೊಸ ಗಾಡಿ, ಸ್ವಲ್ಪ ಬಿಗಿ ಇದೆ ಅಷ್ಟೇ” ಎಂದ.

ಚಿಕ್ಕಳಿಯ ದೀರ್ಘವಾಗಿ ಉಸಿರುಬಿಟ್ಟ. ಅಂದು ಸಂಜೆಯೇ, ಕಾರುಗಳನ್ನು ಹೊರಗೆ ಕಳಿಸಬಹುದೆಂಬ ಕಾಗದಕ್ಕೆ ಸಹಿ ಹಾಕಿದ.

ಭಾನುವಾರ ಅವನು ಪರೀಕ್ಷೆಯ ಕಾರನ್ನು ಮಾವನ ಮನೆಗೇ ತಂದಿದ್ದ. ಊಟಕ್ಕೆ ಕೂತಾಗ, ಮೂರು ವಾರದಿಂದ ನಿದ್ದೆಯಿರಲಿಲ್ಲವೆಂದೂ ಅಣ್ಣ ಕೇಳಿ ಏನೂ ಇಲ್ಲವೆಂದ ಮೇಲೆ ಕಣ್ತುಂಬ ನಿದ್ದೆ ಮಾಡಿದೆನೆಂದೂ ಎಲ್ಲರ ಮುಂದೆ ಹೇಳಿದ. ಮಾವ, “ಮತ್ತೆ, ನಮ್ಮ ದೊಡ್ಡಳಿಯನ ಕಿವಿ ಅಂದ್ರೆ ಏನು!” ಎಂದು ಹಿಗ್ಗಿದರು. ದೊಡ್ಡಳಿಯ ತಟ್ಟೆಯಲ್ಲಿದ್ದ ಅನ್ನವನ್ನು ಬದಿಗೆ ಸರಿಸಿದ. ವಿಚಿತ್ರವೆಂದರೆ, ಆಗಲೂ ಅವನಿಗೆ ಮೊದಲು ಹುಟ್ಟಿದ್ದು ಪಶ್ಚಾತ್ತಾಪವಲ್ಲ, ಆ ನಿದ್ದೆಯ ಮೇಲಿನ ಅಸೂಯೆ. ಅವನು ಗುರುವಾರದಿಂದ ಸರಿಯಾಗಿ ಮಲಗಿರಲಿಲ್ಲ.

ಊಟವಾದ ಮೇಲೆ ಎಲ್ಲರೂ ಕಾರಿನಲ್ಲಿ ಒಂದು ಸುತ್ತು ಹೋಗಿಬಂದರು. ಮಾವ ಮುಂದೆ, ಅಕ್ಕತಂಗಿಯರು ಮತ್ತು ದೊಡ್ಡಳಿಯ ಹಿಂದೆ. ವೇಗ ನಲವತ್ತಕ್ಕೆ ಬಂದಾಗ ದೊಡ್ಡಳಿಯನ ಹೆಂಡತಿ ಗಂಡನ ದವಡೆ ಬಿಗಿಯುವುದನ್ನು ನೋಡಿದಳು. ವೇಗ ಏರಿದಾಗ ದವಡೆ ಸಡಿಲವಾಯಿತು. ಮತ್ತೆ ನಲವತ್ತಕ್ಕೆ ಇಳಿದಾಗ ಮತ್ತೆ ಬಿಗಿಯಿತು.

ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತ ಅವಳು ಕೇಳಿದಳು. “ಆ ಗಾಡಿಲಿ ಏನೋ ಇದೆ ಅಲ್ವಾ?”

ಅವನು ಇಲ್ಲವೆಂದ.

“ಫ್ಯಾನು ಕೆಟ್ರೂ, ನೀರಿನ ಪಂಪು ಕೆಟ್ರೂ, ಯಾರಿಗೂ ಗೊತ್ತಾಗೋ ಮುಂಚೆ ನಿಮ್ಮ ದವಡೆ ಹಾಗೇ ಆಗತ್ತೆ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ನೀವು ನನ್ನ ತಂಗಿ ಗಂಡನಿಗೆ ಸುಳ್ಳು ಹೇಳಿದ್ರಾ?”

ಅವನು ಎದ್ದು ಕಿಟಕಿ ಮುಚ್ಚಿದ. ಅವಳು ಮಡಿಸಿದ ಬಟ್ಟೆಗಳಲ್ಲಿ ಅವನವನ್ನು ಮಾತ್ರ ಮಂಚದ ಮೇಲೆ ಬಿಟ್ಟು, ಉಳಿದದ್ದನ್ನು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಅವನು ಪಾಳಿಗಿಂತ ಒಂದು ಗಂಟೆ ಮುಂಚೆ ಕಾರ್ಖಾನೆಗೆ ಹೋದ. ಆದರೂ ತಡವಾಗಿತ್ತು. ಅರವತ್ತು ಕಾರು ಹೊತ್ತ ಲಾರಿಗಳು ಗೇಟು ದಾಟಿದ್ದವು. ಬ್ಯಾಟರಿ ಹಾಲಿನ ಗಾಜಿನ ಕೋಣೆಯಲ್ಲಿ ಕಾರ್ಖಾನೆಯ ಮ್ಯಾನೇಜರ್ ಮೇಡಂ, ಚಿಕ್ಕಳಿಯ, ಇನ್ನಿಬ್ಬರು ಎಂಜಿನಿಯರುಗಳು ನಿಂತು ಮಾತಾಡುತ್ತಿದ್ದರು. ಅವನು ಬಾಗಿಲು ತಟ್ಟದೆ ಒಳಗೆ ಹೋದ. ಗೇರ್‌ಬಾಕ್ಸಿನ ಎಡಗಡೆಯ ಬೇರಿಂಗ್ ಸರಿಯಿಲ್ಲ, ಲಾರಿಗಳನ್ನು ವಾಪಸ್ಸು ಕರೆಸಿ ಎಂದ.

“ಯಾವಾಗ ಗೊತ್ತಾಯ್ತು?” ಮೇಡಂ ಕೇಳಿದರು.

“ಗುರುವಾರ.”

“ಗುರುವಾರ ಏನೂ ಇಲ್ಲ ಅಂದ್ರಂತಲ್ಲ?”

ಖಚಿತವಿರಲಿಲ್ಲ ಎನ್ನಬಹುದಿತ್ತು. ದಾರಿಯುದ್ದಕ್ಕೂ ಅವನು ಅದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆದರೆ ಚಿಕ್ಕಳಿಯನ ಮುಖ ನೋಡಿದ ಮೇಲೆ ಆ ಮಾತು ನಾಲಿಗೆಗೆ ಬರಲಿಲ್ಲ.

“ಹೊಟ್ಟೆಕಿಚ್ಚು ಮೇಡಂ” ಎಂದ. “ಇವನು ಮೇಲೆ ಹೋದ, ನಾನು ಅಲ್ಲೇ ಉಳಿದೆ. ಅದಕ್ಕೇ ಹೇಳ್ಲಿಲ್ಲ.”

ಎಂಜಿನಿಯರುಗಳು ನೆಲ ನೋಡಿದರು. ಮೇಡಂ ಫೋನು ಎತ್ತಿಕೊಂಡರು.

ಲಾರಿಗಳು ಅರ್ಧ ದಾರಿಯಿಂದ ಹಿಂತಿರುಗಿದವು. ಬೇರಿಂಗ್ ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಸರಿ. ಹಳೆಯ ಸರಬರಾಜುದಾರನನ್ನು ಬೇಡಿಕೊಂಡು ಹೊಸ ಬೇರಿಂಗ್ ತರಿಸುವಷ್ಟರಲ್ಲಿ ಆರು ವಾರ ಹೋಯಿತು. ಆ ಆರು ವಾರದಲ್ಲಿ ಎದುರಾಳಿಯ ಕಾರು ಬೀದಿ ತುಂಬಿತು. ಗುರುವಾರವೇ ಹೇಳಿದ್ದರೂ ಆರು ವಾರ ಹೋಗಿಯೇ ಹೋಗುತ್ತಿತ್ತು ಎಂದು ದೊಡ್ಡಳಿಯ ತನ್ನನ್ನು ತಾನು ಸಂತೈಸಿಕೊಳ್ಳಲು ನೋಡಿದ. ಆದರೆ ಆ ಕಾಗದದ ಮೇಲೆ ಚಿಕ್ಕಳಿಯನ ಸಹಿ ಇರುತ್ತಿರಲಿಲ್ಲ. ಕೆಟ್ಟ ಕಾರಿಗೆ ಸಹಿ ಹಾಕಿದವನೆಂಬ ಮಾತು ಅವನ ಕಡತದಲ್ಲಿ ಸೇರುತ್ತಿರಲಿಲ್ಲ. ದೊಡ್ಡಳಿಯನಿಗೆ ಲಿಖಿತ ಎಚ್ಚರಿಕೆ ಬಂತು, ಆ ವರ್ಷದ ಸಂಬಳದ ಬಡ್ತಿ ಹೋಯಿತು. ಮಾವನ ಮನೆಯಲ್ಲಿ ಕೆಲವು ತಿಂಗಳು ಎರಡು ಸಂಸಾರಗಳೂ ಬೇರೆಬೇರೆ ಭಾನುವಾರ ಊಟಕ್ಕೆ ಹೋದವು.

ಎಂಜಿನ್ ವಿಭಾಗ ಹೇಳಿದ್ದಕ್ಕಿಂತ ಎಂಟು ತಿಂಗಳು ಮುಂಚೆಯೇ ಮುಚ್ಚಿತು. ನೂರ ನಲವತ್ತು ಜನರಲ್ಲಿ ಮೂವತ್ತು ಮಂದಿಯನ್ನು ಬ್ಯಾಟರಿ ಹಾಲಿಗೆ ತೆಗೆದುಕೊಳ್ಳುವುದೆಂದಾಯಿತು. ಆರಿಸುವ ಕೆಲಸ ಚಿಕ್ಕಳಿಯನದು. ಹೋಗಿ ಮಾತಾಡಿ ಎಂದು ಹೆಂಡತಿ ಹೇಳಲಿಲ್ಲ, ದೊಡ್ಡಳಿಯ ಅರ್ಜಿಯನ್ನೂ ಹಾಕಲಿಲ್ಲ. ಪಟ್ಟಿ ಅಂಟಿಸಿದ ದಿನ ಅವನು ಅದರ ಮುಂದೆ ತಲೆ ತಗ್ಗಿಸಿ ಹಾದುಹೋಗುತ್ತಿದ್ದಾಗ ಹಳೆಯ ಫಿಟ್ಟರೊಬ್ಬ ತೋಳು ಹಿಡಿದು ನಿಲ್ಲಿಸಿದ. ಪಟ್ಟಿಯ ಇಪ್ಪತ್ತೆರಡನೆಯ ಹೆಸರು ದೊಡ್ಡಳಿಯನದು.

ಅವನು ಗಾಜಿನ ಕೋಣೆಗೆ ಹೋದ. ಚಿಕ್ಕಳಿಯ ಕೂರಲು ಹೇಳಲಿಲ್ಲ.

“ನಿಮ್ಮ ಮೇಲಿನ ಪ್ರೀತಿಗೆ ತಗೊಂಡಿಲ್ಲ” ಎಂದ. “ಎಂಜಿನ್ ಸದ್ದು ಇಲ್ದೇ ಇರೋ ಗಾಡಿಲಿ ಚಿಕ್ಕ ಸದ್ದೂ ಗಿರಾಕಿಗೆ ಕೇಳತ್ತೆ. ನಿಮ್ಮ ಕಿವಿ ಬೇಕು. ನಿಮ್ಮ ಬಾಯಿಮಾತು ಬೇಡ. ಕೇಳಿದ್ದನ್ನ ಬರೆದು ಕೊಡಿ, ಇನ್ನೊಬ್ರು ನೋಡಿ ಸಹಿ ಹಾಕ್ತಾರೆ.”

ದೊಡ್ಡಳಿಯ ಒಪ್ಪಿಕೊಂಡ. ಹೊರಗಿನ ಸದ್ದು ನುಸುಳದಂತೆ ಗೋಡೆಗೆ ಹತ್ತಿ ಹೊದಿಸಿದ ಕೋಣೆಯೊಂದರಲ್ಲಿ ದಿನಕ್ಕೆ ಮೂವತ್ತು ಕಾರುಗಳ ಸದ್ದು ಕೇಳಿ ಬರೆದ. ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳು ಅವನ ಬರಹವನ್ನು ಪರೀಕ್ಷಿಸಿ ಸಹಿ ಹಾಕುತ್ತಿದ್ದಳು. ಮೊದಲ ವಾರ ಮೈ ಉರಿದುಹೋಯಿತು. ಕಿಚ್ಚು ಆರಿರಲಿಲ್ಲ. ಚಿಕ್ಕಳಿಯ ಹಾಲಿನಲ್ಲಿ ನಡೆದು ಹೋದರೆ ಎಲ್ಲರೂ ಎದ್ದು ನಿಲ್ಲುವುದು ಅವನಿಗೆ ಈಗಲೂ ಕಣ್ಣು ಕುಕ್ಕುತ್ತಿತ್ತು. ಒಂದೇ ವ್ಯತ್ಯಾಸವೆಂದರೆ, ಆ ಕಿಚ್ಚು ಎದ್ದಾಗ ಅವನಿಗೆ ಅದರ ಗುರುತು ಸಿಗುತ್ತಿತ್ತು.

ಮರುವರ್ಷ ಒಬ್ಬಂಟಿಯಾಗಿ ಬೆಲೆಯ ಪೈಪೋಟಿ ತಡೆಯಲಾರದೆ ಕಂಪನಿ ಇನ್ನೊಂದು ಕಂಪನಿಯ ಜೊತೆ ಸೇರಿಕೊಂಡಿತು. ಬೋರ್ಡು ಬದಲಾಯಿತು, ಊಟದ ತಟ್ಟೆಯ ಬಣ್ಣವೂ ಬದಲಾಯಿತು. ಬ್ಯಾಟರಿ ಹಾಲಿಗೆ ಆ ಕಡೆಯಿಂದ ಮೂವತ್ತೊಂದು ವರ್ಷದ ಎಂಜಿನಿಯರ್ ಹೆಂಗಸೊಬ್ಬಳು ಮುಖ್ಯಸ್ಥೆಯಾಗಿ ಬಂದಳು. ಚಿಕ್ಕಳಿಯ ಅವಳ ಕೈಕೆಳಗಿನವನಾದ. ಸಂಬಳ ಮೊದಲಿನಷ್ಟೇ, ಗಾಜಿನ ಕೋಣೆ ಮಾತ್ರ ಅವಳದು.

ಒಂದು ಮಧ್ಯಾಹ್ನ ದೊಡ್ಡಳಿಯ ಹೊರಗೆ ಬಂದಾಗ ಚಿಕ್ಕಳಿಯ ಮೆಟ್ಟಿಲ ಬಳಿ ನಿಂತಿದ್ದ. ಗಾಜಿನಾಚೆ ಹೊಸ ಮುಖ್ಯಸ್ಥೆ ಹಲಗೆಯ ಮೇಲೆ ಏನೋ ಬರೆದು ವಿವರಿಸುತ್ತಿದ್ದಳು. ಚಿಕ್ಕಳಿಯನ ದೃಷ್ಟಿ ಅವಳ ಕೈಯನ್ನೇ ಹಿಂಬಾಲಿಸುತ್ತಿತ್ತು, ಎಲ್ಲಾದರೂ ತಪ್ಪುತ್ತಾಳೇನೋ ಎಂದು. ಆ ನೋಟವನ್ನು ದೊಡ್ಡಳಿಯನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ಕ್ಷಣ ಒಳಗೆ ಖುಷಿಯಾಯಿತು, ಅದನ್ನೂ ಅವನು ಗಮನಿಸಿದ. ಆಮೇಲೆ ಎರಡು ಲೋಟ ಚಹಾ ತಂದು ಪಕ್ಕದಲ್ಲಿ ನಿಂತ.

“ಉರೀತಾ ಇದ್ಯಾ?” ಎಂದು ಕೇಳಿದ.

ಚಿಕ್ಕಳಿಯ ಲೋಟ ತೆಗೆದುಕೊಂಡು ಮತ್ತೆ ಗಾಜಿನತ್ತ ನೋಡಿದ.

“ಅವಳಿಗೆ ಕೆಲಸ ಚೆನ್ನಾಗಿ ಗೊತ್ತು” ಎಂದ. “ಅದೇ ತಡ್ಕೊಳಕ್ಕೆ ಆಗ್ತಿಲ್ಲ.”

“ಆಗಲ್ಲ” ಎಂದ ದೊಡ್ಡಳಿಯ.

ಇಬ್ಬರೂ ಅಲ್ಲಿಯೇ ನಿಂತು ಚಹಾ ಮುಗಿಸಿದರು.