ಕರೆಂಟಿನ ಹರಾಜು, ಹೊಗೆಯ ಮಿತಿ

ಆ ದಿನ ಮಧ್ಯಾಹ್ನ ಹೋದ ಕರೆಂಟು ಐದು ಗಂಟೆಯಾದರೂ ಬರಲಿಲ್ಲ. ಐಸ್ ಫ್ಯಾಕ್ಟರಿಯ ಡಬ್ಬಗಳಲ್ಲಿ ಅರ್ಧ ಗಟ್ಟಿಯಾಗಿದ್ದ ಗಡ್ಡೆ ಮತ್ತೆ ನೀರಾಯಿತು. ಕಾದು ನಿಂತಿದ್ದ ಮೀನಿನವರು ಬೈದುಕೊಂಡು ಹೋದರು. ಹೊಳೆಯಾಚೆಯ ಕಲ್ಲಿದ್ದಲ ಸ್ಥಾವರ ಕೆಟ್ಟಿತ್ತು. ಆ ಸೀಮೆಗೆಲ್ಲ ಕರೆಂಟು ಮಾರುವುದು ಅದೊಂದೇ. ಅದು ಹೇಳಿದ್ದೇ ಬೆಲೆ. ಕೆಟ್ಟರೆ ಕತ್ತಲೆ, ನಡೆದರೆ ಹೊಗೆ. ಫ್ಯಾಕ್ಟರಿ ಯಜಮಾನನ ತಾಯಿಗೆ ಆ ಹೊಗೆಯಿಂದ ಬಿಡದ ಕೆಮ್ಮು.

ಭಾನುವಾರ ಅವನ ಹೆಂಡತಿಯ ತಂಗಿ ಬಂದಳು. ಅವಳಿಗೆ ವಿದ್ಯುತ್ ಉಪಕೇಂದ್ರದಲ್ಲಿ ಕೆಲಸ. ಹೊಸ ವಿದ್ಯುತ್ ಮಾರುಕಟ್ಟೆಯ ಕರಡು ನಿಯಮ ಬಂದಿದೆ, ಬುಧವಾರ ಸಾರ್ವಜನಿಕ ವಿಚಾರಣೆ ಇದೆ, ಬನ್ನಿ ಎಂದು ಕರೆದಳು. ಸುತ್ತಲಿನ ಐದು ಸೀಮೆಗಳಿಗೂ ಸೇರಿ ಒಂದೇ ಮಾರುಕಟ್ಟೆ. ಗಾಳಿ, ಬಿಸಿಲು, ನೀರು, ಕಲ್ಲಿದ್ದಲು, ಯಾವುದರಿಂದ ಕರೆಂಟು ಮಾಡುವವರೇ ಆಗಲಿ, ನಾಳೆ ಯಾವ ಗಂಟೆಗೆ ಎಷ್ಟು ಬೆಲೆಗೆ ಕೊಡುತ್ತೇವೆಂದು ಇಂದೇ ಹೇಳಬೇಕು. ಅಗ್ಗದ್ದನ್ನು ಮೊದಲು ಕೊಳ್ಳುತ್ತಾರೆ. ಬೆಲೆಗೂ ಒಂದು ಮೇಲ್ಮಿತಿ, ಹೊಗೆಗೂ ಒಂದು ಮೇಲ್ಮಿತಿ.

ಯಜಮಾನ ನಕ್ಕ. "ಹರಾಜು ಅಂದ್ರೆ ನಂಗೆ ಗೊತ್ತಿಲ್ವೇನಮ್ಮ? ಬಂದರಲ್ಲಿ ದಿನಾ ನೋಡ್ತೀನಿ. ನಾಲ್ಕು ಜನ ಒಳಗೊಳಗೇ ಮಾತಾಡ್ಕೊಂಡ್ರೆ ಮುಗೀತು, ನಮ್ಮ ಕಿವಿ ಮೇಲೆ ಹೂವು."

"ಅದನ್ನ ನೋಡ್ಕೊಳ್ಳೋಕೆ ಸಮಿತಿ ಇರತ್ತೆ ಭಾವ. ಒಬ್ಬನೇ ಮಾರೋವಾಗ ಅವನು ಆಡಿದ್ದೇ ಆಟ. ಹತ್ತು ಜನ ಇದ್ರೆ ಒಬ್ಬಂದು ಕೆಟ್ರೂ ಇನ್ನೊಬ್ಬ ಕೊಡ್ತಾನೆ."

ಒಳಗೆ ತಾಯಿ ಕೆಮ್ಮಿದರು. ಅವಳು ತಂದಿದ್ದ ಕರಡನ್ನು ಅವನು ಕೈಗೆ ತೆಗೆದುಕೊಂಡ. ಹೊಗೆಯ ಮಿತಿ ಐದು ಸೀಮೆಗೂ ಸೇರಿಯೋ, ಒಂದೊಂದು ಸ್ಥಾವರಕ್ಕೂ ಬೇರೆಯೋ ಎಂದು ಕೇಳಿದ. ಎಲ್ಲಕ್ಕೂ ಸೇರಿ ಎಂದಳು.

"ಹಾಗಾದ್ರೆ ಉಳಿದವರು ಕಡಿಮೆ ಮಾಡಿದ್ದನ್ನೆಲ್ಲ ಈ ಹೊಳೆಯಾಚೆಯವನೊಬ್ಬನೇ ಇಲ್ಲಿ ಬಿಡಬಹುದಲ್ಲ? ಅಮ್ಮ ಉಸಿರಾಡೋದು ಐದು ಸೀಮೆ ಗಾಳಿ ಅಲ್ಲ, ಈ ಬೀದೀದು."

ಕರಡನ್ನು ಮೂರು ಸಲ ಓದಿದ್ದರೂ ಅವಳಿಗೆ ಇದು ಹೊಳೆದಿರಲಿಲ್ಲ. "ಇದನ್ನೇ ಅಲ್ಲಿ ಬಂದು ಹೇಳಿ ಭಾವ," ಎಂದಳು.

ಬುಧವಾರ ಅವನು ಹೋದ. ಹೆಂಡತಿ ಆಕ್ಷೇಪಣೆ ಬರೆದುಕೊಟ್ಟಿದ್ದಳು. ಕೋಟು ಹಾಕಿದವರ ನಡುವೆ ಅವನು ಮೊದಲ ಸಾಲಿನಲ್ಲೇ ತೊದಲಿದ. ಆಮೇಲೆ ಹಾಳೆ ಮಡಿಸಿಟ್ಟು, ಅಮ್ಮನ ಉಸಿರಿನ ಮಾತನ್ನೇ ಹೇಳಿದ. ಸಮಿತಿಯ ಅಧ್ಯಕ್ಷೆ ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡರು.

ಕೊನೆಯ ನಿಯಮದಲ್ಲಿ ಒಟ್ಟು ಮಿತಿಯ ಜೊತೆಗೆ ಪ್ರತಿ ಸ್ಥಾವರಕ್ಕೂ ಒಂದು ಮಿತಿ ಬಂತು. ಮಾರುಕಟ್ಟೆ ಶುರುವಾಗಿ ಈಗ ವರ್ಷವಾಗಿದೆ. ಬಿಸಿಲಿನ ಕರೆಂಟು ಅಗ್ಗಕ್ಕೆ ಸಿಗುವ ಹಗಲಲ್ಲಿ ಅವನು ಐಸು ಕಟ್ಟುತ್ತಾನೆ, ಸಂಜೆ ಯಂತ್ರಕ್ಕೆ ಬಿಡುವು. ಬಿಲ್ಲು ಅರ್ಧವಾಗಿಲ್ಲ, ಆದರೆ ಇಳಿದಿದೆ. ಹೊಳೆಯಾಚೆಯವರು ಹಳೆಯ ಬಾಯ್ಲರನ್ನು ನಿಲ್ಲಿಸಿದ್ದಾರೆ. ತಾಯಿಯ ಕೆಮ್ಮು ಪೂರ್ತಿ ಹೋಗಿಲ್ಲ. ಹೊಳೆಯ ದಂಡೆಯವರೆಗೆ ನಡೆಯುವಷ್ಟು ಕಡಿಮೆಯಾಗಿದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕಾನೂನು ಬರೆದದ್ದು ನನ್ನ ಮಗ ಎನ್ನುತ್ತಾರೆ. ಒಂದೇ ಸಾಲು ಎಂದು ಮಗ ತಿದ್ದುತ್ತಾನೆ.

ನಿಮ್ಮ ಸೀಮೆಯಲ್ಲೂ ಕರೆಂಟಿನ ನಿಯಮಕ್ಕೆ ವಿಚಾರಣೆ ನಡೆದರೆ ಹೋಗಿ. ಕರಡನ್ನು ಓದಿ, ಇಲ್ಲವೇ ಓದಿಸಿ ಕೇಳಿ. ಬೆಲೆ ಯಾರು ಕಟ್ಟುತ್ತಾರೆ, ಹೊಗೆ ಯಾರ ಬೀದಿಗೆ ಇಳಿಯುತ್ತದೆ ಎಂದು ವಿಚಾರಿಸಿ. ಬರೆಯಲು ಬಾರದಿದ್ದರೆ ಬಾಯಲ್ಲೇ ಹೇಳಿ. ಬರೆದುಕೊಳ್ಳುವುದು ಅವರ ಕೆಲಸ.